ಎರಡು ಅಕ್ಷರ, ನಡುವೆ ಒಂದು ಚುಕ್ಕಿ

ಐಟಿಸಿ ಕಂಪನಿ 1910ರಲ್ಲಿ ಹುಟ್ಟಿದಾಗ ಅದರ ಹೆಸರು ಇಂಪೀರಿಯಲ್ ಟೊಬ್ಯಾಕೊ. 1970ರಲ್ಲಿ ಇಂಡಿಯಾ ಟೊಬ್ಯಾಕೊ ಆಯಿತು, 1974ರಲ್ಲಿ ಚುಕ್ಕಿಗಳ ಸಮೇತ ಐ.ಟಿ.ಸಿ. ಆಯಿತು. 2001ರಲ್ಲಿ ಚುಕ್ಕಿಗಳೂ ಹೋದವು. ಅಕ್ಷರದ ಮುಂದೆ ಚುಕ್ಕಿ ಇದ್ದರೆ ಓದುಗ ‘ಇದರ ಪೂರ್ತಿ ಹೆಸರೇನು?’ ಎಂದು ಕೇಳಿಯೇ ಕೇಳುತ್ತಾನೆ. ಅಷ್ಟು ಹೊತ್ತಿಗೆ ಹೋಟೆಲು, ಕಾಗದ ಎಂದು ಹರಡಿಕೊಂಡಿದ್ದ ಕಂಪನಿಗೆ ಆ ಪ್ರಶ್ನೆ ಬೇಡವಾಗಿತ್ತು ಅಂತ ನನ್ನ ಊಹೆ. ನಮ್ಮ ಬೆಂಗಳೂರಿನ ಭಾರತ್ ಅರ್ತ್ ಮೂವರ್ಸ್ ಕೂಡ 2007ರಲ್ಲಿ ಬರೀ ಬಿಇಎಂಎಲ್ ಆಯಿತು.

ಇದನ್ನೆಲ್ಲ ನಾನು ಹುಡುಕಿ ಓದಿದ್ದು ನಮ್ಮ ಕಾಕಾನ ಸಲುವಾಗಿ. ಪುಣೆಯ ಭೋಸರಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ಲೇಥ್ ನಡೆಸಿದ ಕಾಕಾ ಈಗ ಸ್ವಂತ ವರ್ಕ್‌ಶಾಪ್ ತೆಗೆಯುತ್ತಿದ್ದಾರೆ. ಅಜ್ಜನ ಹೆಸರಿನಿಂದ ಎಸ್, ಅಜ್ಜಿಯ ಹೆಸರಿನಿಂದ ಜಿ. ಚುಕ್ಕಿ ಬೇಕೇಬೇಕು ಎನ್ನುತ್ತಾರೆ ಕಾಕಾ, ಹಳೇ ಕಾಲದ್ದು ಎನ್ನುತ್ತಾಳೆ ಮಗಳು. “ನೀ ಕಂಪ್ಯೂಟರ್‌ದಾಗ ಇರಾಂವ, ನೀನ ಹೇಳಪಾ” ಎಂದು ಪಂಚಾಯ್ತಿ ನನ್ನ ಪಾಲಿಗೆ ಬಂತು.

ಕಾನೂನಿಗೆ ಈ ಜಗಳ ಲೆಕ್ಕಕ್ಕಿಲ್ಲ. ಕಂಪನಿ ನೋಂದಣಿಯ ನಿಯಮದಲ್ಲಿ ಚುಕ್ಕಿ, ಖಾಲಿ ಜಾಗ, ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸವನ್ನು ಎಣಿಸುವುದೇ ಇಲ್ಲ. ಬೇರೆಯವರ ಹೆಸರಿಗೆ ಎರಡು ಚುಕ್ಕಿ ಸೇರಿಸಿ ನಮ್ಮದು ಎನ್ನಲು ಬರುವುದಿಲ್ಲ. ಆದರೆ ಯಂತ್ರಕ್ಕೆ ಚುಕ್ಕಿ ಇಟ್ಟದ್ದು, ಜಾಗ ಬಿಟ್ಟದ್ದು, ಕೂಡಿಸಿ ಬರೆದದ್ದು ಮೂರು ಬೇರೆ ಬೇರೆ ಹೆಸರು. ಚುಕ್ಕಿಯನ್ನು ಕಡೆಗಣಿಸು ಅಂತ ಪ್ರೋಗ್ರಾಂ ಬರೆದವರು ಹೇಳಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಕಾಕಾನ ಹಳೆಯ ಮಾಲೀಕರಿಗೆ ಬಿಲ್ಲಿನ ಹೆಸರೂ ಬ್ಯಾಂಕಿನ ಹೆಸರೂ ತಾಳೆಯಾಗದೆ ಮೂರು ವಾರ ಹಣ ಬಂದಿರಲಿಲ್ಲ. ಪ್ಯಾನ್, ಜಿಎಸ್‌ಟಿ, ಬ್ಯಾಂಕು, ಬಿಲ್ಲು ಎಲ್ಲದರಲ್ಲೂ ಒಂದೇ ರೂಪ ಇರಲಿ ಎಂದೆ. ವೆಬ್ ವಿಳಾಸದಲ್ಲಂತೂ ಚುಕ್ಕಿಗೆ ಬೇರೆಯೇ ಕೆಲಸವಿದೆ. ಹಾಗಾಗಿ ಇಂಗ್ಲಿಷಿನಲ್ಲಿ ಚುಕ್ಕಿ ಬೇಡ. ಅಲ್ಲಿ ದೊಡ್ಡಕ್ಷರಗಳೇ ‘ಇವು ಇನಿಷಿಯಲ್’ ಎಂದು ಸಾರುತ್ತವೆ. ಮಗಳು ಗೆದ್ದಳು.

ಊರಿಗೆ ಕಳಿಸುವ ಆಮಂತ್ರಣ ಕನ್ನಡದಲ್ಲಿ ಆಗಬೇಕಲ್ಲ, ಅಲ್ಲಿ ಆಟವೇ ಬೇರೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಆ ಕೆಲಸ ಮಾಡುವುದು ಚುಕ್ಕಿಯೇ. ಚುಕ್ಕಿ ಇಲ್ಲದೆ ಟೈಪ್ ಮಾಡಿದರೆ ಸ ಮತ್ತು ಜ ಒತ್ತಕ್ಷರವಾಗಿ ‘ಎಸ್ಜಿ’ ಆಗುತ್ತದೆ. ಎಚ್‌ಡಿಎಫ್‌ಸಿ ಎಷ್ಟೋ ಕಡೆ ‘ಎಚ್ಡಿಎಫ್ಸಿ’ ಆಗಿರುವುದು ಹೀಗೆಯೇ, ಓದುವಾಗ ನಾಲಿಗೆ ತೊಡರುತ್ತದೆ. ಬಿಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಹಾಕಬೇಕು. ಪ್ರೆಸ್ಸಿನವರು ಫಾಂಟ್ ಬದಲಿಸುವಾಗ ಅದು ಉದುರಿಹೋದರೆ ಯಾರಿಗೂ ಗೊತ್ತಾಗದು. ಚುಕ್ಕಿಯಾದರೆ ಕಣ್ಣಿಗೆ ಕಾಣುತ್ತದೆ. ಮರಾಠಿ ಬೋರ್ಡಿಗೆ ಈ ಕಾಟವಿಲ್ಲ. ದೇವನಾಗರಿಯಲ್ಲಿ ‘ಎಸ’ ಎಂದು ಬರೆದು ‘ಎಸ್’ ಎಂದು ಓದುತ್ತಾರೆ, ಒತ್ತು ಬರುವುದೇ ಇಲ್ಲ.

ಹಾಗೆಂದು ಚುಕ್ಕಿ ತೆಗೆಯಲೇಬಾರದು ಅಂತೇನಿಲ್ಲ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಚುಕ್ಕಿಯಿಲ್ಲದೆ ಕುವೆಂಪು ಆದರು, ಅದೇ ಹೆಸರಾಗಿ ನಿಂತಿತು. ಬೇಂದ್ರೆಯವರು ಮಾತ್ರ ದ.ರಾ. ಆಗಿಯೇ ಉಳಿದರು. ಕನ್ನಡದ ಅಕ್ಷರವನ್ನೇ ಹಿಡಿದ ಇಂಥ ಹೆಸರು ಕೂಡಿಕೊಂಡರೆ ಕಿವಿಗೆ ಒಗ್ಗುತ್ತದೆ. ಎಸ್, ಜಿ ಎನ್ನುವುದು ಇಂಗ್ಲಿಷ್ ಅಕ್ಷರದ ಹೆಸರನ್ನು ಕನ್ನಡದಲ್ಲಿ ಬರೆದದ್ದು, ಅದು ಹಾಗೆ ಕೂಡುವುದಿಲ್ಲ.

ಕಾಕಾನಿಗೆ ಚುಕ್ಕಿ ಯಾಕೆ ಬೇಕು ಎಂದು ಕೇಳಿದೆ. “ಕೂಡಿಸಿ ಬರದ್ರ ಒಬ್ಬರದ ಹೆಸರು ಅನಸ್ತದ. ಅಪ್ಪಾ ಬ್ಯಾರೆ, ಅವ್ವಾ ಬ್ಯಾರೆ. ಇಬ್ರೂ ದುಡದಾರ” ಎಂದರು. ಆಮಂತ್ರಣದ ಪ್ರೂಫ್ ಬಂದಾಗ ಎಸ್ ಮುಂದೆ ಚುಕ್ಕಿ ಇತ್ತು, ಜಿ ಮುಂದೆ ಇರಲಿಲ್ಲ. ಕಾಕಾ ಪೆನ್ನು ತೆಗೆದು ತಾವೇ ಇಟ್ಟರು.