ಬಿ.ಎಚ್. ರಸ್ತೆಯಲ್ಲಿ ರೋಮಿನ ಯಾತ್ರಿಕ

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿರುವ ಸೇಕ್ರೆಡ್ ಹಾರ್ಟ್ ಚರ್ಚ್, ಅಂದರೆ ಪವಿತ್ರ ಹೃದಯ ಪ್ರಧಾನಾಲಯವನ್ನು ಪ್ರವಾಸಿ ಕೈಪಿಡಿಗಳು ಅಳತೆಯಲ್ಲೇ ಪರಿಚಯಿಸುತ್ತವೆ: 18,000 ಚದರ ಅಡಿ, ಐದು ಸಾವಿರ ಜನ ಹಿಡಿಸುವ ಪ್ರಾರ್ಥನಾ ಸಭಾಂಗಣ, ರೋಮನ್ ಮತ್ತು ಗಾಥಿಕ್ ಶೈಲಿಗಳ ಬೆರಕೆ. ದೇಶದ ಎರಡನೇ ದೊಡ್ಡ ಚರ್ಚ್ ಎಂದೂ ಸೇರಿಸುವುದುಂಟು. ಆ ಪಟ್ಟಕ್ಕೆ ಹಕ್ಕುದಾರರು ಬಹಳ, ಇರಲಿ. ಬಂದವರು ಅಮೃತಶಿಲೆಯ ಯೇಸುವಿನ ಮುಂದೆ ಫೋಟೊ ತೆಗೆಸಿಕೊಂಡು ಜೋಗದ ಬಸ್ಸು ಹಿಡಿಯುತ್ತಾರೆ. ಆದರೆ ಈ ಚರ್ಚನ್ನು ನೋಡಬೇಕಾದದ್ದು ಅದು ನಿಂತಿರುವ ರಸ್ತೆಯ ಸಮೇತ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಈ ರಸ್ತೆ ಭದ್ರಾವತಿಯನ್ನು ಹಾದು, ಚರ್ಚಿನ ಮುಂದಿನಿಂದ ಸಾಗರದ ಕಡೆ ಹೊರಟು, ಇಕ್ಕೇರಿಯನ್ನು ಮಗ್ಗುಲಿಗೆ ಬಿಟ್ಟು ಘಟ್ಟ ಇಳಿಯುತ್ತದೆ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಬಂದದ್ದು ಈ ಸೀಮೆಗೇ. ನಂಬಿಕೆಯ ಹೆಸರಿನ ಪ್ರವಾಸ ತನ್ನವರ ಗುಡಿಯನ್ನಷ್ಟೇ ನೋಡಿಸುತ್ತದೆ ಎಂಬ ಆಕ್ಷೇಪಕ್ಕೆ ಅವನ ಪತ್ರಗಳೇ ಉತ್ತರ.

ದೆಲ್ಲಾ ವಾಲ್ಲೆ ವ್ಯಾಪಾರಿಯಲ್ಲ, ಪಾದ್ರಿಯೂ ಅಲ್ಲ. ಪ್ರೇಮಭಂಗವಾದ ಮೇಲೆ ಪವಿತ್ರ ನಾಡಿನ ಯಾತ್ರೆಗೆ ಹರಕೆ ಹೊತ್ತು, ಹೆಸರಿಗೆ ‘ಯಾತ್ರಿಕ’ ಎಂಬ ಬಿರುದು ಸೇರಿಸಿಕೊಂಡು, 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ಶ್ರೀಮಂತ. ಗೋವಾದ ಪೋರ್ಚುಗೀಸರು ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆಗೂಡಿ ಅಲ್ಲಿಗೆ ಬಂದ. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಲ್ಲಿ ಲೆಕ್ಕ ಬರೆಯುತ್ತಿದ್ದರು. ಜಾಗ ತುಂಬಿದರೆ ಮತ್ತೆ ಮರಳು ಹರಡಿ ಮುಂದುವರಿಸುತ್ತಿದ್ದರು. ಮೇಷ್ಟ್ರಿಲ್ಲದೆ ಒಬ್ಬರಿಂದೊಬ್ಬರು ಕಲಿಯುವ ಈ ಪದ್ಧತಿಯನ್ನು ಅವನು ನೇಪಲ್ಸ್‌ನ ಗೆಳೆಯನಿಗೆ ಬಿಡಿಸಿ ಬರೆದಿದ್ದಾನೆ. ಇಕ್ಕೇರಿಯಲ್ಲಿ ಹುಡುಗಿಯರು ಬಣ್ಣದ ಕೋಲು ತಾಡಿಸುತ್ತ ಕುಣಿದದ್ದನ್ನೂ ಬಿಟ್ಟಿಲ್ಲ. ನಮ್ಮ ಕೋಲಾಟಕ್ಕೆ ಇಷ್ಟು ಹಳೆಯ ಕಣ್ಣಾರೆ ಸಾಕ್ಷಿಗಳು ಹೆಚ್ಚಿರಲಾರವು.

ಅವನು ನಿಷ್ಪಕ್ಷಪಾತಿಯಾಗಿದ್ದ ಎನ್ನುವಂತಿಲ್ಲ. ವಿಗ್ರಹಾರಾಧನೆಯ ಬಗ್ಗೆ ಆ ಕಾಲದ ಕ್ರೈಸ್ತನ ತಾತ್ಸಾರ ಅವನಲ್ಲಿ ಬೇಕಾದಷ್ಟಿದೆ. ಆದರೂ ತಾತ್ಸಾರ ಅವನ ಕಾಲನ್ನು ಕಟ್ಟಿಹಾಕಲಿಲ್ಲ. ಸಹಗಮನಕ್ಕೆ ಸಿದ್ಧಳಾಗಿದ್ದ ತೆಲುಗು ಹೆಂಗಸೊಬ್ಬಳ ಮನೆಗೇ ಹೋಗಿ, ಹೆಸರು, ಗಂಡನ ಕಸುಬು ಕೇಳಿ, ಬೇಡವೆಂದು ಒಪ್ಪಿಸಲು ನೋಡಿದ. ಅವಳು ಜಕ್ಕಮ್ಮ, ಡೋಲು ಬಾರಿಸುವವನ ಹೆಂಡತಿ. ಅರಮನೆಯವರಲ್ಲದ ಇಂಥ ಹೆಣ್ಣಿನ ಹೆಸರು ನಮಗೆ ಉಳಿದದ್ದು ಆ ಭೇಟಿಯಿಂದ.

ಇನ್ನೊಂದು ಆಕ್ಷೇಪ: ಶಿವಮೊಗ್ಗದ ಚರ್ಚ್ ಬರೀ ಯುರೋಪಿನ ನಕಲು, ಅದರಲ್ಲಿ ನೋಡಲು ನಮ್ಮದೇನಿದೆ? ನಕಲು ಎನ್ನುವುದಾದರೆ ಗಾಥಿಕ್ ಕಮಾನು ಇಟಲಿಗೂ ಫ್ರಾನ್ಸಿನಿಂದ ಬಂದದ್ದೇ. ಪವಿತ್ರ ಹೃದಯದ ಭಕ್ತಿ ಈಗಿನ ರೂಪದಲ್ಲಿ ಹಬ್ಬಿದ್ದು 17ನೇ ಶತಮಾನದ ಫ್ರಾನ್ಸಿನಿಂದ; ಅದಕ್ಕೆ ಎಲ್ಲರೂ ಗುರುತಿಸುವ ಮುಖ ಕೊಟ್ಟದ್ದು 1760ರ ದಶಕದಲ್ಲಿ ರೋಮಿನ ಜೆಸು ಚರ್ಚಿಗಾಗಿ ಪೊಂಪೆಯೊ ಬಾತೋನಿ ಬರೆದ ಚಿತ್ರ. ಉರಿಯುವ ಹೃದಯವನ್ನು ಕೈಯಲ್ಲಿ ಹಿಡಿದ ಯೇಸುವಿನ ಆ ಚಿತ್ರದ ಸಂತತಿಯೇ ನಮ್ಮ ಕ್ಯಾಥೊಲಿಕರ ನಡುಮನೆಗಳಲ್ಲಿ ತೂಗುತ್ತಿರುವುದು. ಇಕ್ಕೇರಿಯ ಅಘೋರೇಶ್ವರ ಗುಡಿಯಲ್ಲೂ ಹೊಯ್ಸಳ, ವಿಜಯನಗರ, ಇಸ್ಲಾಮಿ ಶೈಲಿಗಳ ಬೆರಕೆಯಿದೆ. ಅದನ್ನು ನಕಲು ಎನ್ನುವವರಿಲ್ಲ.

ಕ್ಯಾಥೊಲಿಕ್ ಎಂದರೆ ರೋಮಿನ ಒಂದೇ ಅಚ್ಚೂ ಅಲ್ಲ. ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಪ್ರಾಂತ್ಯ ಚಿಕ್ಕಮಗಳೂರಿನಿಂದ ಬೇರೆಯಾದದ್ದು 1988ರಲ್ಲಿ. 2007ರಲ್ಲಿ ಭದ್ರಾವತಿಯ ಹೆಸರಲ್ಲಿ ಇನ್ನೊಂದು ಧರ್ಮಪ್ರಾಂತ್ಯವಾಯಿತು. ಅದು ಕೇರಳ ಮೂಲದ ಸೀರೊ-ಮಲಬಾರ್ ಸಭೆಯದು. ಪೋಪರನ್ನು ಒಪ್ಪಿಯೂ ಪೂಜಾವಿಧಿಯನ್ನು ಪೂರ್ವ ಸಿರಿಯಾಕ್ ಪರಂಪರೆಯಿಂದ ಪಡೆದದ್ದು. ದೆಲ್ಲಾ ವಾಲ್ಲೆ ಬಾಗ್ದಾದಿನಲ್ಲಿ ಮದುವೆಯಾದ ಮಾನಿ ಅದೇ ಪೂರ್ವ ಸಿರಿಯಾಕ್ ಕ್ರೈಸ್ತರ ಮನೆಯ ಮಗಳು. 1621ರ ಕೊನೆಗೆ ಅವಳು ಪರ್ಷಿಯಾದಲ್ಲಿ ತೀರಿಕೊಂಡಾಗ ಶವವನ್ನು ಕೆಡದಂತೆ ಕಾಪಿಟ್ಟು, ಭಾರತಕ್ಕೂ ತಂದು, ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದ. ಭದ್ರಾವತಿ ಮತ್ತು ಶಿವಮೊಗ್ಗದ ಪೂಜೆಗಳೆರಡನ್ನೂ ನೋಡಿದವರಿಗೆ ಆ ದಂಪತಿಯ ಎರಡು ಕಡೆಗಳೂ ಪರಿಚಯವಾದಂತೆ. ಭಾನುವಾರ ಹೋಗುವವರು ಪೂಜೆ ಮುಗಿಯುವ ತನಕ ಕ್ಯಾಮೆರಾ ಚೀಲದಲ್ಲಿಟ್ಟರೆ ಸಾಕು.

ಅಲ್ಲಿಂದ ಇಕ್ಕೇರಿಗೂ ಹೋಗಬೇಕು. ಅಘೋರೇಶ್ವರನ ಮೂರ್ತಿಗೆ ಒಂದು ತಲೆ, ಒಂದೊಂದು ಪಕ್ಕಕ್ಕೆ ಹದಿನಾರರಂತೆ 32 ತೋಳು ಎಂದು ದೆಲ್ಲಾ ವಾಲ್ಲೆ ಬರೆದಿದ್ದಾನೆ. ಆ ಮೂರ್ತಿ ಈಗಿಲ್ಲ, ಲಿಂಗವಿದೆ. ಗರ್ಭಗುಡಿಯನ್ನು ಬಹುಪಾಲು ತುಂಬಿರುವ ಪೀಠ ಮಾತ್ರ ಉಳಿದಿದೆ. ಸುತ್ತಲೂ ಕೂತ ಸ್ತ್ರೀರೂಪಗಳು, ಅವೂ 32. ಇದನ್ನು ಪುರಾವೆ ಎನ್ನಲಾಗದು. ಆದರೆ ಯಾತ್ರಿಕ ಕಣ್ಣುಮುಚ್ಚಿ ಲೆಕ್ಕ ಬರೆದಿರಲಿಕ್ಕಿಲ್ಲ.