ವೇಣೂರು ದೊಡ್ಡಮ್ಮನ ಗಿಡ

ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಯ ಕಾಲೇಜಿಗೆ ಹೋಗುವಾಗ ಕಿಟಕಿ ಬದಿಯ ಸೀಟು ಸಿಕ್ಕಿದರೆ ನನಗೊಂದು ಕೆಲಸ. ಯಾರ ಮನೆಯ ಕಂಪೌಂಡಿನ ಮೇಲೆ ಯಾವ ಬಣ್ಣದ ಬೋಗನ್‌ವಿಲ್ಲಾ ಎಂದು ನೋಡುತ್ತಾ ಕೂರುವುದು. ಮಾರ್ಚ್ ಬಿಸಿಲಿಗೆ ಉಳಿದ ಗಿಡಗಳೆಲ್ಲ ಬಾಡಿದ್ದರೆ ಇದಕ್ಕೆ ಮಾತ್ರ ಹಬ್ಬ!

ಕಾಗದದ ಹೂ ಎಂದು ಕರೆಯುತ್ತೇವಲ್ಲ, ಆ ಬಣ್ಣದ ಕಾಗದ ನಿಜಕ್ಕೂ ಹೂವಲ್ಲ. ಅದು ಬಣ್ಣ ತಳೆದ ಎಲೆ. ಮೂರು ಎಲೆಗಳ ನಡುವೆ ಇಣುಕುವ ಪುಟ್ಟ ಬಿಳಿ ಕೊಳವೆಗಳೇ ಅಸಲಿ ಹೂಗಳು.

ಇಷ್ಟುದ್ದದ ಹೆಸರು ಯಾರದು ಎಂದು ಹುಡುಕಿದೆ. ಲೂಯಿ ಆಂತ್ವಾನ್ ದ ಬೂಗನ್‌ವಿಲ್, 1766ರಲ್ಲಿ ಭೂಮಿ ಸುತ್ತಲು ಹೊರಟ ಫ್ರೆಂಚ್ ನಾವಿಕ. ಪಪುವಾ ನ್ಯೂಗಿನಿಯ ಒಂದು ದ್ವೀಪಕ್ಕೂ ಇವನದೇ ಹೆಸರು. ಸಾವಿರಾರು ವರ್ಷಗಳಿಂದ ಅಲ್ಲಿ ಜನ ಬಾಳಿದ್ದರೂ 1768ರಲ್ಲಿ ಹಡಗಿನಲ್ಲಿ ಹಾದುಹೋದವನ ಹೆಸರೇ ನಿಂತಿತು. 2019ರ ಜನಮತಗಣನೆಯಲ್ಲಿ ಆ ದ್ವೀಪದವರು ಪ್ರತ್ಯೇಕ ದೇಶ ಬೇಕೆಂದರು. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 98 ಮಂದಿಯದು ಅದೇ ಉತ್ತರ.

ಬೂಗನ್‌ವಿಲ್‌ನ ಯಾತ್ರೆಯಲ್ಲಿ ಫಿಲಿಬೇರ್ ಕಾಮರ್ಸನ್ ಎಂಬ ಸಸ್ಯವಿಜ್ಞಾನಿಯಿದ್ದ. 1767ರಲ್ಲಿ ಬ್ರೆಜಿಲ್‌ನ ರಿಯೊ ಬಳಿ ಈ ಬಳ್ಳಿ ಸಿಕ್ಕಾಗ ಕ್ಯಾಪ್ಟನ್ ಹೆಸರನ್ನೇ ಇಟ್ಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಹೆಸರು. ಕಾಮರ್ಸನ್‌ನ ಸಹಾಯಕಿ ಝಾನ್ ಬಾರೆ. ಹಡಗಿಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲವೆಂದು ಗಂಡಸಿನ ವೇಷ ತೊಟ್ಟು ಹತ್ತಿದವಳು. ಯಜಮಾನನಿಗೆ ಕಾಲುನೋವು; ಗುಡ್ಡ ಹತ್ತಿ ಗಿಡ ಹೊತ್ತು ತರುವುದು ಇವಳ ಪಾಲು. ಈ ಬಳ್ಳಿಯನ್ನೂ ಕಿತ್ತು ತಂದವಳು ಅವಳೇ ಇರಬಹುದೆಂದು ಹಲವರ ಊಹೆ. ಭೂಮಿಗೆ ಒಂದು ಸುತ್ತು ಬಂದ ಮೊದಲ ಮಹಿಳೆ ಎಂದು ಇಂದು ಅವಳನ್ನು ಗುರುತಿಸುತ್ತಾರೆ. ದಕ್ಷಿಣ ಅಮೆರಿಕದ, ನಮ್ಮ ಬದನೆಯ ಕುಲದ ಒಂದು ಬಳ್ಳಿಗೆ ಅವಳ ಹೆಸರಿಟ್ಟದ್ದು 2012ರಲ್ಲಿ!

ಓದಿ ಮುಗಿಸಿ ಅಂಗಳಕ್ಕೆ ಬಂದೆ. ನಮ್ಮ ಗೇಟಿನಲ್ಲಿ ಇರುವುದು ಅಪ್ಪನ ಹೆಸರು. ಗೇಟಿನ ಮೇಲೆ ಬಾಗಿರುವ ಬಳ್ಳಿಯನ್ನು ನೆಟ್ಟದ್ದು ಅಮ್ಮ. ಅದರ ಗೆಲ್ಲು ಕೊಟ್ಟದ್ದು ವೇಣೂರಿನ ದೊಡ್ಡಮ್ಮ. ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಮ್ಮ ತಂದಿದ್ದರಂತೆ. ನಮ್ಮ ಮನೆಯಲ್ಲಿ ಅದು ಬೋಗನ್‌ವಿಲ್ಲಾ ಅಲ್ಲ, 'ವೇಣೂರು ದೊಡ್ಡಮ್ಮನ ಗಿಡ'. ಮಲ್ಲಿಗೆ, ದಾಸವಾಳಕ್ಕೂ ಹೀಗೆ ಕೊಟ್ಟವರ ಹೆಸರೇ. ಇದೆಂಥ ರೂಢಿ ಎಂದು ನಾನು ಎಷ್ಟೋ ಸಲ ನಕ್ಕಿದ್ದೆ.

ದೊಡ್ಡಮ್ಮ ಈಗಿಲ್ಲ. ಮೊನ್ನೆ ಪಕ್ಕದ ಮನೆಯ ಅಕ್ಕ ಒಂದು ಗೆಲ್ಲು ಕೇಳಿದರು. ಕತ್ತರಿಸಿ ಕೊಡುತ್ತಾ ನಾನೇ ಹೇಳಿದೆ, “ಇದು ವೇಣೂರು ದೊಡ್ಡಮ್ಮನ ಗಿಡ, ಅಕ್ಕಾ.”

ಒಳಗಿನಿಂದ ಅಮ್ಮ ಒಮ್ಮೆ ಇಣುಕಿ ನೋಡಿದರು.