ನೂಲು ಕಡಿದರೆ ಮಗ್ಗ ನಿಲ್ಲಬೇಕು

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯದು ಎರೆಭೂಮಿಯ ಸೀಮೆ. ಮಳೆ ಹದವಾಗಿ ಬಿದ್ದ ವರ್ಷ ಆ ಕಪ್ಪು ನೆಲದ ಮೇಲೆ ಹತ್ತಿ ಒಡೆದು ಬೆಳ್ಳಗೆ ನಿಂತಿರುವುದನ್ನು ಕಾಣುವುದೇ ಕಣ್ಣಿಗೊಂದು ಹಬ್ಬ. ಇಬ್ಬನಿ ಆರಿದ ಮೇಲೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಉಡಿ ಕಟ್ಟಿ ಸಾಲು ಹಿಡಿಯುತ್ತಾರೆ. ಆ ಕೆಲಸದಲ್ಲಿ ಕೈ ಪಳಗಿದ ಹಿರಿಯಳು ಜೊತೆಯವರಿಗೆ ಹೇಳುವ ಮಾತು ಒಂದೇ: “ಕೆಳಗಿಂದ ಬಿಡಿಸ್ಕೋತ ಮ್ಯಾಲೆ ಹೋಗ್ರೆವಾ.”

ಈ ಮಾತಿಗೆ ಕಾರಣವುಂಟು. ಗಿಡದ ಎಲೆ ಆ ವೇಳೆಗೆ ಒಣಗಿ ಗರಿಗರಿಯಾಗಿರುತ್ತದೆ. ಕೈ ತಾಗಿದರೆ ಸಾಕು, ಪುಡಿಯಾಗಿ ಉದುರುತ್ತದೆ. ಮೇಲಿನಿಂದ ಬಿಡಿಸತೊಡಗಿದರೆ ಆ ಪುಡಿ ಕೆಳಗಿನ ಒಡೆದ ಕಾಯಿಗಳ ಮೇಲೆ ಬಿದ್ದು ಅರಳೆಗೆ ಅಂಟಿಕೊಳ್ಳುತ್ತದೆ. ಕೆಳಗಿನಿಂದ ಬಿಡಿಸುತ್ತ ಹೋದರೆ ಉದುರಿದ ಎಲೆ ಆಗಲೇ ಬರಿದಾದ ಕೊಂಬೆಯನ್ನು ದಾಟಿ ನೆಲಕ್ಕೆ ಸೇರುತ್ತದೆ. ಇದಕ್ಕೆ ಯಂತ್ರ ಬೇಡ, ಹೆಚ್ಚಿನ ಆಳು ಬೇಡ, ಹೆಚ್ಚಿನ ಹೊತ್ತೂ ಬೇಡ. ಕೆಲಸದ ಕ್ರಮವನ್ನು ಬದಲಿಸಿದರಾಯಿತು. ಕೃಷಿ ವಿಜ್ಞಾನಿಗಳು ಕೊಡುವ ಸಲಹೆಯೂ ಇದೇ.

ಹೊಲದಲ್ಲಿ ತಪ್ಪಿದ ಈ ಕಸ ಮುಂದೆ ಏನಾಗುತ್ತದೆಂಬುದನ್ನು ನೋಡಬೇಕು. ಜಿನ್ನಿಂಗ್ ಗಿರಣಿಯಲ್ಲಿ ಅದು ಇನ್ನಷ್ಟು ನುಣ್ಣಗಾಗಿ ಅರಳೆಯೊಳಗೆ ಹುದುಗುತ್ತದೆ. ನೂಲಿನ ಗಿರಣಿಯವರು ಅದನ್ನು ತೆಗೆಯಲೆಂದೇ ಯಂತ್ರಗಳನ್ನಿರಿಸಬೇಕಾಗುತ್ತದೆ. ಹಾಗೆ ತೆಗೆಯುವಾಗ ಒಳ್ಳೆಯ ಎಳೆಯೂ ಅಷ್ಟಿಷ್ಟು ಹಾಳಾಗುತ್ತದೆ. ಇನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆಯೊಂದು ಹತ್ತಿಯೊಳಗೆ ಸೇರಿತೆಂದರೆ ಅದು ನೂಲಾಗಿ ಬಟ್ಟೆಯಾಗುವವರೆಗೂ ಕಣ್ಣಿಗೆ ಬೀಳದಿರಬಹುದು. ಬಣ್ಣದ ತೊಟ್ಟಿಯಲ್ಲಿ ಮುಳುಗೆದ್ದಾಗ ಆ ಎಳೆ ಮಾತ್ರ ಬಣ್ಣ ಹಿಡಿಯದೆ ಎದ್ದು ಕಾಣುತ್ತದೆ. ಹೊಲದಲ್ಲಿ ಎರಡು ಬೆರಳಿನಿಂದ ಹೋಗುತ್ತಿದ್ದುದು ಕೊನೆಗೆ ಒಂದು ಥಾನು ಬಟ್ಟೆಯನ್ನೇ ಕೆಡಿಸುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಇಂಥ ಕಡೆಗೇ ಹುಟ್ಟಿರಬೇಕು.

ತಪ್ಪನ್ನು ಅದು ಹುಟ್ಟಿದ ಜಾಗದಲ್ಲಿಯೇ ತಡೆಯುವುದು, ವ್ಯರ್ಥವಾದುದನ್ನು ದಿನದಿನವೂ ಒಂದಿಷ್ಟು ಕಳೆಯುತ್ತ ಹೋಗುವುದು: ಇದು ಇಂದು ಜಗತ್ತಿನ ಕಾರ್ಖಾನೆ, ಕಚೇರಿ, ಆಸ್ಪತ್ರೆಗಳಲ್ಲಿ ‘ಲೀನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಪದ್ಧತಿಯ ತಿರುಳು. ಲೀನ್ ಎಂದರೆ ಕೊಬ್ಬಿಲ್ಲದ ಮೈಕಟ್ಟು ಎಂದರ್ಥ. 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕದ ಸಂಶೋಧಕ ಆ ಹೆಸರನ್ನಿಟ್ಟ. ಆದರೆ ಪದ್ಧತಿ ಹುಟ್ಟಿದುದು ಅಮೆರಿಕದಲ್ಲಲ್ಲ, ಜಪಾನಿನಲ್ಲಿ. ಅದೂ ಮೋಟಾರಿನಿಂದಲ್ಲ, ಮಗ್ಗದಿಂದ.

ಬಡಗಿಯ ಮಗ ಮಾಡಿದ ಮಗ್ಗ

ಸಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದ. ಊರಿನ ಹೆಣ್ಣುಮಕ್ಕಳು ಕೈಮಗ್ಗದ ಮುಂದೆ ಕುಳಿತು ಪಡುತ್ತಿದ್ದ ಶ್ರಮವನ್ನು ಕಂಡೇ ಅವನ ಮನಸ್ಸು ಮಗ್ಗದ ಸುಧಾರಣೆಯ ಕಡೆಗೆ ಹೊರಳಿತು. ಒಂದೊಂದೇ ಭಾಗವನ್ನು ತಿದ್ದುತ್ತ, ಸೋಲುತ್ತ, ಮತ್ತೆ ತಿದ್ದುತ್ತ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು 1924ರಲ್ಲಿ ಅವನು ಸ್ವಯಂಚಾಲಿತ ಮಗ್ಗವೊಂದನ್ನು ಸಿದ್ಧಪಡಿಸಿದ. ಹಾಸಿನ ಒಂದೊಂದು ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯೊಂದು ತೂಗುತ್ತಿತ್ತು. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತಿತ್ತು. ಪಟ್ಟಿ ಬಿದ್ದ ಕೂಡಲೆ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ಕೆಲಸ ನಿಂತರೆ ನಷ್ಟವಲ್ಲವೆ ಎಂದು ಯಾರಿಗಾದರೂ ತೋರಬಹುದು. ನಿಲ್ಲದ ಮಗ್ಗ ಏನು ಮಾಡುತ್ತದೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಎಳೆ ಕಡಿದುದನ್ನರಿಯದೆ ಅದು ಗಜಗಟ್ಟಲೆ ಕೆಟ್ಟ ಬಟ್ಟೆಯನ್ನು ನೇಯುತ್ತ ಹೋಗುತ್ತದೆ. ಅದನ್ನು ತಡೆಯಲು ಮಗ್ಗದ ಮುಂದೆ ಒಬ್ಬರು ಕಣ್ಣಿಟ್ಟು ಕಾಯಬೇಕು. ತಾನಾಗಿ ನಿಲ್ಲುವ ಮಗ್ಗ ಈ ಕಾವಲಿನಿಂದ ಮನುಷ್ಯನನ್ನು ಬಿಡಿಸಿತು. ಒಬ್ಬ ಕೆಲಸಗಾರ್ತಿ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. 1929ರಲ್ಲಿ ಇಂಗ್ಲೆಂಡಿನ ಹೆಸರಾಂತ ಪ್ಲಾಟ್ ಬ್ರದರ್ಸ್ ಸಂಸ್ಥೆಯೇ ಈ ಮಗ್ಗದ ಹಕ್ಕನ್ನು 1,00,000 ಪೌಂಡಿಗೆ ಕೊಂಡಿತು. ಮಗ್ಗದಿಂದ ಬಂದ ಬಲದ ಮೇಲೆ ಸಕಿಚಿಯ ಮಗ ಕಿಯಿಚಿರೊ ಮೋಟಾರು ತಯಾರಿಕೆಗೆ ಇಳಿದು, 1937ರಲ್ಲಿ ಟೊಯೋಟ ಕಂಪನಿಯನ್ನು ಕಟ್ಟಿದ.

ಆ ಕಂಪನಿಯಲ್ಲಿ ಮಗ್ಗದ ಪಾಠವನ್ನು ಮನುಷ್ಯರ ಕೆಲಸಕ್ಕೆ ಅನ್ವಯಿಸಿದವನು ತೈಯಿಚಿ ಓನೊ. ಅವನೂ 1932ರಲ್ಲಿ ಟೊಯೋಡಾ ಮನೆತನದ ನೂಲಿನ ಗಿರಣಿಗೆ ಸೇರಿ, 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದವನು. ಬೇಡಿಕೆಗಿಂತ ಹೆಚ್ಚು ಮಾಡಿಡುವುದು, ಕಾಯುವುದು, ಅತ್ತಿಂದಿತ್ತ ಸಾಗಿಸುವುದು, ಬೇಡದ ಸಂಸ್ಕರಣೆ, ಅತಿಯಾದ ದಾಸ್ತಾನು, ನಿಷ್ಪ್ರಯೋಜಕವಾದ ಓಡಾಟ, ದೋಷವುಳ್ಳ ವಸ್ತು ಎಂದು ಅವನು ಏಳು ಬಗೆಯ ವ್ಯರ್ಥಗಳನ್ನು ಗುರುತಿಸಿದ. ಇವುಗಳಲ್ಲಿ ಹೆಚ್ಚು ಮಾಡಿಡುವುದೇ ಎಲ್ಲಕ್ಕಿಂತ ಕೆಟ್ಟದ್ದೆಂಬುದು ಅವನ ಮತ. ರಾಶಿ ಬಿದ್ದ ಸರಕಿನ ಕೆಳಗೆ ಉಳಿದ ಆರೂ ಅಡಗಿ ಕುಳಿತಿರುತ್ತವೆ.

ಮುದ, ಮುರ, ಮುರಿ

ಕನ್ನಡಿಗರಿಗೆ ವಿನೋದವೆನಿಸುವ ಸಂಗತಿಯೊಂದು ಇಲ್ಲಿದೆ. ಟೊಯೋಟದವರು ತೊಲಗಿಸಬೇಕೆನ್ನುವ ಕೇಡುಗಳು ಮೂರು: ಮುದ, ಮುರ, ಮುರಿ. ಮೂರೂ ಕನ್ನಡ ಶಬ್ದಗಳಂತೆಯೇ ಕೇಳಿಸುತ್ತವೆ. ಜಪಾನೀ ಭಾಷೆಯಲ್ಲಿ ಮುದವೆಂದರೆ ವ್ಯರ್ಥ. ನಮಗೋ ಅದು ಸಂತೋಷ. ಮುರವೆಂದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುವ ಏರುಪೇರು. ನಮ್ಮ ಪುರಾಣದಲ್ಲಿ ಮುರ ಕೃಷ್ಣನಿಂದ ಹತನಾದ ರಾಕ್ಷಸ. ಮುರಿ ಎಂದರೆ ಮನುಷ್ಯನ ಮೇಲೋ ಯಂತ್ರದ ಮೇಲೋ ಹೇರಿದ ಮಿತಿಮೀರಿದ ಹೊರೆ. ಈ ಮೂರನೆಯ ಶಬ್ದಕ್ಕೆ ಮಾತ್ರ ಎರಡು ಭಾಷೆಗಳ ಅರ್ಥವೂ ಹತ್ತಿರಹತ್ತಿರವೇ: ಹೊರೆ ಮಿತಿಮೀರಿದರೆ ಮುರಿಯುವುದೇ ಅದರ ಫಲ.

ಈ ಮೂರರಲ್ಲಿ ಮೊದಲನೆಯದನ್ನು ಕಲಿತು ಮೂರನೆಯದನ್ನು ಮರೆಯುವವರೇ ಬಹಳ. ವ್ಯರ್ಥವನ್ನು ಕಳೆಯುತ್ತೇವೆಂದು ಹೊರಟ ಯಜಮಾನ ಹತ್ತು ಜನರ ಕೆಲಸವನ್ನು ಏಳು ಜನರಿಗೆ ಹಂಚಿದರೆ ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಕಂಡೀತು. ಆ ಏಳು ಜನರ ಮೈಮೇಲೆ ಅದು ಮುರಿಯಾಗಿ ಕುಳಿತಿರುತ್ತದೆ. ಲೀನ್ ಎಂಬ ಶಬ್ದವನ್ನು ಕೇಳಿದೊಡನೆ ದುಡಿಯುವವರ ಎದೆಯಲ್ಲಿ ಅಳುಕು ಹುಟ್ಟುವುದು ಇದರಿಂದಲೇ.

ಈ ಅಳುಕು ಟೊಯೋಟಕ್ಕೂ ಹೊಸದಲ್ಲ. 1950ರಲ್ಲಿ ಆ ಕಂಪನಿ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರೊಡನೆ ದೊಡ್ಡ ವಿವಾದವೆದ್ದು, ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಡಬೇಕಾಯಿತು. ಆ ಹೊಣೆಯನ್ನು ಹೊತ್ತು ಅಧ್ಯಕ್ಷನಾಗಿದ್ದ ಕಿಯಿಚಿರೊ ತಾನೂ ಪದವಿಯನ್ನು ತೊರೆದ. ಪರಸ್ಪರ ನಂಬಿಕೆಯೇ ತಳಹದಿಯೆಂದು ಆಡಳಿತವೂ ಕಾರ್ಮಿಕ ಸಂಘವೂ ಕೂಡಿ ಘೋಷಣೆಗೆ ಸಹಿ ಹಾಕಿದುದು 1962ರಲ್ಲಿ. ಆ ನಂಬಿಕೆಯ ಬಲವಿದ್ದುದರಿಂದಲೇ ಕೆಲಸಗಾರರು ತಮ್ಮ ಕೆಲಸದ ಲೋಪವನ್ನು ತಾವೇ ತೋರಿಸಿಕೊಡಲು ಮುಂದೆ ಬಂದರು. ‘ಕೈಜೆನ್’ ಎಂದರೆ ಒಳಿತಿನೆಡೆಗಿನ ಬದಲಾವಣೆ. ಅದು ಅಧಿಕಾರಿಯ ಸುತ್ತೋಲೆಯಿಂದ ನಡೆಯುವುದಲ್ಲ. ಕೆಲಸ ಮಾಡುವ ಕೈಗೇ ಅದರ ಗುಟ್ಟು ಗೊತ್ತು.

ಕನ್ನಡ ನಾಡಿನಲ್ಲಿ

ಈ ಪದ್ಧತಿ ಕರ್ನಾಟಕಕ್ಕೆ ಬಂದುದು ಕಿರ್ಲೋಸ್ಕರ ಮನೆತನದ ಜೊತೆಗೂಡಿ. ಈ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ನಂಜೇರುತ್ತದೆಂದು ರೈತರು ಬಹುಕಾಲ ಮುಟ್ಟಲಿಲ್ಲ. ಹೊಸದು ಎಷ್ಟೇ ಒಳ್ಳೆಯದಾಗಿರಲಿ, ಅದನ್ನು ಬಳಸಬೇಕಾದವನ ಮನಸ್ಸು ಒಪ್ಪದೆ ಅದು ಬೇರೂರದು.

1995ರಲ್ಲಿ ಟೊಯೋಡಾ ಮಗ್ಗದ ಕಂಪನಿ ಕಿರ್ಲೋಸ್ಕರರೊಡನೆ ಸೇರಿ ನೂಲಿನ ಯಂತ್ರಗಳನ್ನು ತಯಾರಿಸಲು ಬೆಂಗಳೂರಿನ ಬಳಿ ನೆಲೆಯೂರಿತು. 1997ರಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರು ಸಂಸ್ಥೆ ಸ್ಥಾಪಿತವಾಗಿ, 1999ರ ಡಿಸೆಂಬರಿನಲ್ಲಿ ಬಿಡದಿಯ ಕಾರ್ಖಾನೆ ಕೆಲಸ ಆರಂಭಿಸಿತು. ಹೀಗೆ ಈ ನಾಡಿನಲ್ಲಿಯೂ ನೂಲು ಮೊದಲು, ಮೋಟಾರು ಆಮೇಲೆ. 2007ರಲ್ಲಿ ಅಲ್ಲಿಯೇ ತಾಂತ್ರಿಕ ತರಬೇತಿ ಸಂಸ್ಥೆಯೊಂದು ತೆರೆದು, ಹತ್ತನೆಯ ತರಗತಿ ಮುಗಿಸಿದ ಹಳ್ಳಿಗಾಡಿನ ಬಡ ಮಕ್ಕಳಿಗೆ ಈ ವಿದ್ಯೆಯ ಬಾಗಿಲು ತೆರೆಯಿತು.

ಟೊಯೋಟ ಪದ್ಧತಿಯಲ್ಲಿ ಜೋಡಣೆಯ ಸಾಲಿನಲ್ಲಿ ನಿಂತ ಕೆಲಸಗಾರನಿಗೆ ದೋಷ ಕಂಡರೆ ಹಗ್ಗವನ್ನೆಳೆದೋ ಗುಂಡಿಯನ್ನೊತ್ತಿಯೋ ಸೂಚನೆ ಕೊಡುವ ಅಧಿಕಾರವಿದೆ. ದೀಪ ಹೊತ್ತಿದೊಡನೆ ತಂಡದ ಮುಂದಾಳು ಓಡಿ ಬರುತ್ತಾನೆ. ಗೊತ್ತಾದ ವೇಳೆಯೊಳಗೆ ತಪ್ಪು ಸರಿಹೋದರೆ ಸಾಲು ಮುಂದೆ ಸಾಗುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಸಕಿಚಿಯ ಮಗ್ಗದ ಲೋಹದ ಪಟ್ಟಿಯೇ ಇಲ್ಲಿ ಹಗ್ಗವಾಗಿದೆ.

ಆದರೆ ಪದ್ಧತಿ ಇದ್ದ ಮಾತ್ರಕ್ಕೆ ನಂಬಿಕೆಯೂ ಕಾಯಮ್ಮಾಗಿ ಇರುತ್ತದೆಂದು ತಿಳಿಯಲಾಗದು. 2020ರ ನವೆಂಬರಿನಲ್ಲಿ ಬಿಡದಿಯಲ್ಲಿ ನೌಕರರೊಬ್ಬರ ಅಮಾನತಿನಿಂದ ಆರಂಭವಾದ ವಿವಾದ ಮುಷ್ಕರಕ್ಕೂ ಲಾಕೌಟಿಗೂ ತಿರುಗಿ 2021ರ ಮಾರ್ಚಿನವರೆಗೆ ಎಳೆಯಿತು. ಕೆಲಸದ ಹೊರೆ ಅತಿಯಾಯಿತೆಂಬುದು ಕಾರ್ಮಿಕ ಸಂಘದ ದೂರು. ಶಿಸ್ತು ತಪ್ಪಿತೆಂಬುದು ಆಡಳಿತದ ವಾದ. ಯಾರದು ಸರಿ ಎಂಬ ತೀರ್ಮಾನವನ್ನು ಬದಿಗಿಟ್ಟರೂ, ವಿವಾದದ ನಡುವೆ ಕೇಳಿಬಂದ ಶಬ್ದ ಆ ಪದ್ಧತಿಯೇ ಎಚ್ಚರಿಸಿದ್ದ ಶಬ್ದವೆಂಬುದು ಗಮನಾರ್ಹ: ಹೊರೆ.

ಐದು ಸಲ ‘ಏಕೆ?’

ತಪ್ಪು ಕಂಡಾಗ ಮೇಲಿಂದ ಮೇಲೆ ಐದು ಸಲ ‘ಏಕೆ’ ಎಂದು ಕೇಳಬೇಕೆಂಬುದು ಓನೊ ಕಲಿಸಿದ ಇನ್ನೊಂದು ಅಭ್ಯಾಸ. ಮೇಲೆ ಹೇಳಿದ ಹತ್ತಿಗೇ ಇದನ್ನು ಹಚ್ಚಿ ನೋಡಬಹುದು. ಬಟ್ಟೆಯಲ್ಲಿ ಬಿಳಿಯ ಗೆರೆ ಏಕೆ? ನೂಲಿನಲ್ಲಿ ಪ್ಲಾಸ್ಟಿಕ್ ಎಳೆಯಿತ್ತು. ಅದೇಕೆ ಬಂತು? ಬಿಡಿಸಿದ ಹತ್ತಿಯನ್ನು ಗೊಬ್ಬರದ ಚೀಲದಲ್ಲಿ ತುಂಬಿದ್ದರು. ಏಕೆ? ಹೊಲದಲ್ಲಿ ಬಟ್ಟೆಯ ಚೀಲವಿರಲಿಲ್ಲ. ಏಕೆ? ಚೀಲ ಒದಗಿಸುವುದು ತನ್ನ ಹೊಣೆಯೆಂದು ಯಾರೂ ತಿಳಿದಿರಲಿಲ್ಲ. ಅದೇಕೆ? ಕೂಲಿ ತೂಕದ ಮೇಲೆ ನಿಂತಿರುವಲ್ಲಿ ಶುಚಿಯಾಗಿ ಬಿಡಿಸಿದವಳಿಗೂ ಕಸ ಸಮೇತ ಬಿಡಿಸಿದವಳಿಗೂ ಕಿಲೋಕ್ಕೆ ದೊರೆಯುವುದು ಒಂದೇ ಕಾಸು. ಶುಚಿಯ ಲಾಭ ಬೇರೆಲ್ಲಿಗೋ ಹೋಗುತ್ತದೆ.

ಮೊದಲ ಪ್ರಶ್ನೆಗೇ ನಿಂತುಬಿಟ್ಟಿದ್ದರೆ ಬೈಗುಳ ಹತ್ತಿ ಬಿಡಿಸಿದ ಹೆಣ್ಣುಮಗಳ ಪಾಲಿಗೆ ಬರುತ್ತಿತ್ತು. ಐದನೆಯದರವರೆಗೆ ಹೋದಾಗ ದೋಷ ಇದ್ದುದು ಕೂಲಿಯ ಏರ್ಪಾಟಿನಲ್ಲಿ ಎಂಬುದು ತಿಳಿಯುತ್ತದೆ. ಬಟ್ಟೆಯ ಚೀಲ ಕೊಟ್ಟು, ಶುಚಿಯಾದ ಹತ್ತಿಗೆ ಕೂಲಿಯಲ್ಲಿ ಒಂದಿಷ್ಟು ಹೆಚ್ಚು ಸೇರಿಸಿದರೆ ಕೆಲಸ ತಾನಾಗಿ ತಿದ್ದಿಕೊಳ್ಳುತ್ತದೆ.

ಹಂತಹಂತಕ್ಕೆ ನಿಂತು ನೋಡುವ ಶಿಸ್ತು ನಮ್ಮ ಕಡೆಗೂ ಹೊಸದಲ್ಲವೆಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯೇ ಸಾಕ್ಷಿ. 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಭಾರತೀಯ ಮಾನಕಗಳಿಗೆ ಅನುಸಾರವಾಗಿ ರಾಷ್ಟ್ರಧ್ವಜವನ್ನು ತಯಾರಿಸುತ್ತ ಬಂದಿದೆ. ನೂಲು, ನೇಯ್ಗೆ, ಬಣ್ಣ, ಅಶೋಕ ಚಕ್ರದ ಮುದ್ರಣ, ಹೊಲಿಗೆ, ಹಗ್ಗ ಸೇರಿಸುವುದು, ಎಲ್ಲಕ್ಕೂ ಕಟ್ಟಳೆಯುಂಟು. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು. ಚಕ್ರದ 24 ಕಡ್ಡಿಗಳು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದಕ್ಕೊಂದು ಸರಿಹೊಂದಬೇಕು. ಮುದ್ರಣದಲ್ಲಿ ತಪ್ಪಿದ ಚಕ್ರವನ್ನು ಹೊಲಿಗೆಯವರು ತಿದ್ದಲಾರರು. ಆದುದರಿಂದ ಒಂದು ಮೇಜಿನ ತಪ್ಪು ಮುಂದಿನ ಮೇಜಿಗೆ ದಾಟಬಾರದು.

ಕಚೇರಿಯಲ್ಲಿ ಕೂಡ

ಪಟ್ಟಣದ ಕಚೇರಿಗಳಲ್ಲಿ ಕೆಲಸ ಮಾಡುವವರು ಇದನ್ನು ತಮ್ಮ ಮೇಜಿಗೂ ಹೋಲಿಸಿಕೊಳ್ಳಬಹುದು. ಅರ್ಜಿಯೊಂದರಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಎನ್ನೋಣ. ಟಪಾಲು ತೆಗೆದುಕೊಳ್ಳುವ ಗುಮಾಸ್ತ ಅದನ್ನು ಆಗಲೇ ನೋಡಿ ಹೇಳಿದ್ದರೆ ಅರ್ಜಿದಾರ ಅಲ್ಲಿಯೇ ನಿಂತು ಸಹಿ ಹಾಕುತ್ತಿದ್ದ. ಐದನೆಯ ಮೇಜಿನಲ್ಲಿ ಅದು ಕಂಡರೆ ಕಾಗದ ಹಿಂದಿರುಗಬೇಕು, ಪತ್ರ ಹೋಗಬೇಕು, ಅರ್ಜಿದಾರ ಕೆಲಸ ಬಿಟ್ಟು ಬಸ್ಸು ಹತ್ತಿ ಬರಬೇಕು. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರುವುದಿಲ್ಲ. ಬಸ್ಸಿನ ಚಾರ್ಜು ಕೊಟ್ಟವನಿಗೆ ಮಾತ್ರ ಗೊತ್ತು. ಅರ್ಜಿಯ ನಮೂನೆಯಲ್ಲಿ ಸಹಿಯ ಜಾಗವನ್ನು ಮೊದಲ ಪುಟಕ್ಕೆ ತಂದರೆ ಎಷ್ಟೋ ಓಡಾಟ ಉಳಿದೀತು. ಈ ಸಲಹೆ ಹೊಳೆಯುವುದು ದಿನವೂ ನೂರು ಅರ್ಜಿಗಳನ್ನು ಮುಟ್ಟುವ ಗುಮಾಸ್ತನಿಗೆ.

ಅವನು ಬಾಯಿ ಬಿಡುತ್ತಾನೆಯೆ ಎಂಬುದೇ ಮುಖ್ಯ. “ನಿನ್ನ ಕೆಲಸ ನೋಡಿಕೊ” ಎಂಬ ಉತ್ತರ ಒಮ್ಮೆ ಬಂದರೆ ಎರಡನೆಯ ಸಲ ಅವನು ಹೇಳುವುದಿಲ್ಲ. ಹೇಳಿದುದರಿಂದ ಕೆಲಸ ಉಳಿಯಿತು, ಆದರೆ ಜೊತೆಯವನ ಹುದ್ದೆ ಹೋಯಿತು ಎಂದಾದರೆ ಯಾರೂ ಹೇಳುವುದಿಲ್ಲ. ಸುಧಾರಣೆಯನ್ನು ಬಯಸುವ ಮೇಲಧಿಕಾರಿ ಮೊದಲು ಈ ಎರಡು ಭಯಗಳನ್ನು ಕಳೆಯಬೇಕು. ಉಳಿದ ವೇಳೆಯಲ್ಲಿ ಬೇರೆ ಕೆಲಸ ಕೊಡುವುದು, ಬಂದ ಲಾಭದಲ್ಲಿ ಪಾಲು ಕೊಡುವುದು, ತಪ್ಪು ತೋರಿಸಿದವನಿಗೆ ನಾಲ್ಕು ಜನರೆದುರು ಒಳ್ಳೆಯ ಮಾತನಾಡುವುದು: ಇವಕ್ಕೆ ಜಪಾನಿಗೆ ಹೋಗಿ ಕಲಿಯಬೇಕಾದುದೇನಿಲ್ಲ. ಸಕಿಚಿಯ ಮಗ್ಗದ ಪಟ್ಟಿಗೆ ಬೀಳುವ ಭಯವಿರಲಿಲ್ಲ. ಮನುಷ್ಯನಿಗೆ ಆ ಭಯವುಂಟು. ಅದನ್ನು ನೀಗಿಸಿದ ಕಡೆಯಲ್ಲಿ ಮಾತ್ರ ನೂಲು ಕಡಿದ ಸುದ್ದಿ ತಕ್ಕ ವೇಳೆಗೆ ತಲುಪುತ್ತದೆ.